ಬೆಂಗಳೂರಿನಲ್ಲಿ ಮಗುಚಿದ ಪೀಪಾಯಿ

1883ರಲ್ಲಿ ಬೆಂಗಳೂರು ದಂಡಿನ ಹಂಗಾಮಿ ಸರ್ಜನ್ ಆಗಿ ಬಂದ ಇಪ್ಪತ್ತಾರರ ತರುಣ ವೈದ್ಯನಿಗೆ ಊರಿನ ಹವೆ ಹಿಡಿಸಿತು, ವಾಸಕ್ಕೆ ಸಿಕ್ಕ ಬಂಗಲೆಯೂ ಹಿಡಿಸಿತು. ಹಿಡಿಸದೇ ಹೋದದ್ದು ಸೊಳ್ಳೆಗಳ ಕಾಟ ಒಂದೇ. ಮನೆಯ ಒಂದು ಕೋಣೆಯಲ್ಲಿ ಮಾತ್ರ ಅವು ಮಿಕ್ಕೆಡೆಗಿಂತ ಹೆಚ್ಚು ಮುತ್ತುವುದನ್ನು ಆತ ಗಮನಿಸಿದ. ಕಾರಣ ಹುಡುಕುತ್ತಾ ಹೋದಾಗ ಆ ಕೋಣೆಯ ಕಿಟಕಿಯ ಹೊರಗೆ ನೀರು ತುಂಬಿದ ಪೀಪಾಯಿಯೊಂದು ಕಣ್ಣಿಗೆ ಬಿತ್ತು. ಅದರೊಳಗೆ ಬಾಗಿ ನೋಡಿದರೆ ಬಳುಕಾಡುವ ಸಣ್ಣ ಸಣ್ಣ ಹುಳುಗಳು. ಪೀಪಾಯಿಯನ್ನು ಮಗುಚಿ ಹಾಕಿಸಿದ. ಕೆಲ ದಿನಗಳಲ್ಲೇ ಕೋಣೆಯ ಸೊಳ್ಳೆಗಳು ಬಹುಮಟ್ಟಿಗೆ ಇಳಿದವು.

ಈ ಸಣ್ಣ ಯಶಸ್ಸಿನಿಂದ ಉತ್ಸಾಹಗೊಂಡ ವೈದ್ಯ ಪಲ್ಟನ್ನಿನ ಅಡ್ಜುಟಂಟ್ ಬಳಿಗೆ ಹೋಗಿ, ಅಧಿಕಾರಿಗಳ ಮೆಸ್ಸಿನ ಸುತ್ತಮುತ್ತ ಇರುವ ತೊಟ್ಟಿ, ಹೂಕುಂಡ, ಡಬ್ಬಿಗಳನ್ನೆಲ್ಲ ಹೀಗೆಯೇ ಬರಿದು ಮಾಡಿಸಬಾರದೇಕೆ ಎಂದು ಕೇಳಿದ. ಅಡ್ಜುಟಂಟ್ ಒಪ್ಪಲಿಲ್ಲ. ಅದು ಪ್ರಕೃತಿಯ ಕ್ರಮವನ್ನು ಕೆಡಿಸಿದಂತೆ ಆಗುತ್ತದೆ, ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಆತನ ನಿಲುವು. ಹಾಗಾದರೆ ತಿಗಣೆ ಚಿಗಟಗಳನ್ನೂ ಮೈಮೇಲೆ ಬಿಟ್ಟುಕೊಂಡು ತಿರುಗಬೇಕಾಗುತ್ತದಲ್ಲ ಎಂದು ವೈದ್ಯ ವಾದಿಸಿ ನೋಡಿದ. ಪ್ರಯೋಜನವಾಗಲಿಲ್ಲ. ಡಬ್ಬಿಗಳು ಇದ್ದಲ್ಲೇ ಉಳಿದವು.

ಆ ವೈದ್ಯ ರೊನಾಲ್ಡ್ ರಾಸ್. ಹದಿನಾಲ್ಕು ವರ್ಷಗಳ ತರುವಾಯ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟನ್ನು ಒಡೆದವರು, 1902ರ ನೊಬೆಲ್ ಪ್ರಶಸ್ತಿ ಪಡೆದವರು ಎಂದು ಶಾಲಾ ಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಅಲ್ಲಿಗೆ ಅವರ ಕಥೆಯನ್ನು ಮುಗಿಸಿಬಿಡುತ್ತವೆ ಕೂಡ. ಆದರೆ ರಾಸ್ ತಮ್ಮ ಬಾಳಿನ ಉತ್ತರಾರ್ಧವನ್ನೆಲ್ಲ ಸವೆಸಿದ್ದು ಆ ಪೀಪಾಯಿಯ ವ್ಯಾಜ್ಯದಲ್ಲಿ. ರೋಗ ಹರಡುವ ಸೊಳ್ಳೆಯನ್ನು ಅದು ರೆಕ್ಕೆ ಬಿಚ್ಚುವ ಮೊದಲೇ, ನೀರಿನಲ್ಲಿ ಹುಳುವಾಗಿ ಇರುವಾಗಲೇ ಅಳಿಸಬೇಕು, ಅದು ಸರ್ಕಾರದ ಕೆಲಸ, ಅದಕ್ಕೆ ತಗಲುವ ವೆಚ್ಚ ರೋಗದ ವೆಚ್ಚಕ್ಕಿಂತ ಕಡಿಮೆ ಎಂದು ಅವರು ಮೂವತ್ತು ವರ್ಷ ವಾದಿಸಿದರು. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಅವರ ಶೋಧಕ್ಕಿಂತ ಈ ವ್ಯಾಜ್ಯವೇ ಹೆಚ್ಚು ಆಸಕ್ತಿಯದು. ಅಡ್ಜುಟಂಟ್ ಕುಳಿತಿದ್ದ ಬಗೆಯ ಕುರ್ಚಿಯಲ್ಲಿ ನಾನೂ ಕುಳಿತಿದ್ದೇನೆ ಎಂಬುದು ಒಂದು ಕಾರಣ ಇರಬಹುದು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗ ಮೂರೇ ದಿನ ಆಗಿತ್ತು. ತಂದೆ ಭಾರತದ ಸೇನೆಯಲ್ಲಿ ಅಧಿಕಾರಿ. ಮುಂದೆ ಜನರಲ್ ಪದವಿಗೆ ಏರಿದವರು. ಎಂಟನೇ ವಯಸ್ಸಿಗೆ ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳಿಸಲಾಯಿತು. ಆತನಿಗೆ ಒಲವಿದ್ದದ್ದು ಚಿತ್ರಕಲೆ, ಸಂಗೀತ, ಕಾವ್ಯಗಳಲ್ಲಿ. ತಂದೆಯ ಹಟಕ್ಕೆ ಮಣಿದು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾಗಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ್ದಾಯಿತು. ಮದರಾಸು ಪ್ರಾಂತ, ಬರ್ಮಾ, ಅಂಡಮಾನ್ ಎಂದು ಊರೂರು ಸುತ್ತುತ್ತ, ಬಿಡುವಿನಲ್ಲಿ ಕವಿತೆ ಕಾದಂಬರಿಗಳನ್ನು ಬರೆಯುತ್ತ, ತಾವೇ ಗಣಿತ ಕಲಿಯುತ್ತ ಇದ್ದವರು. ಈ ಸ್ವಯಂಕಲಿಕೆಯ ಗಣಿತ ಆ ಕಾಲಕ್ಕೆ ಕಾಲಹರಣವೆಂದೇ ಕಂಡಿರಬೇಕು. ಅದರ ಬೆಲೆ ತಿಳಿದದ್ದು ಬಹಳ ತಡವಾಗಿ.

ಮಲೇರಿಯಾದ ಸೂಕ್ಷ್ಮಜೀವಿಯನ್ನು ಫ್ರೆಂಚ್ ಸೇನಾವೈದ್ಯ ಲ್ಯಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಕಂಡಿದ್ದರು. ರಾಸ್ ಅದನ್ನು ನಂಬಿರಲಿಲ್ಲ. ಈ ಜ್ವರ ಕರುಳಿನ ದೋಷದಿಂದ ಬರುತ್ತದೆಂದು ಅವರು ಲೇಖನ ಬರೆದದ್ದೂ ಉಂಟು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಡಿ ಆ ಜೀವಿಯನ್ನು ತೋರಿಸಿದರು. ಅದು ಸೊಳ್ಳೆಯ ಹೊಟ್ಟೆ ಸೇರಿ ಬೆಳೆಯುತ್ತದೆಂಬ ತಮ್ಮ ಊಹೆಯನ್ನೂ ಹೇಳಿದರು. ಮ್ಯಾನ್ಸನ್ ಅವರ ಊಹೆ ಅರ್ಧ ಸರಿ, ಅರ್ಧ ತಪ್ಪು. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆ ಎಂದು ಅವರು ತಿಳಿದಿದ್ದರು. 1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಆ ಜಾಡಿನಲ್ಲೇ ಕೆಲಸ ಆರಂಭಿಸಿದರು. ಸೊಳ್ಳೆ ಸತ್ತ ನೀರನ್ನು ಲಚ್ಮನ್ ಎಂಬ ಆಳಿಗೆ ಅವನ ಒಪ್ಪಿಗೆ ಪಡೆದೇ ಕುಡಿಸಿದರೆಂದು ದಾಖಲೆ ಇದೆ. ಅಂದಿನ ಸರ್ಕಾರಿ ಸರ್ಜನ್ನನೊಬ್ಬನಿಗೆ ಆಳು ಕೊಡುವ ಒಪ್ಪಿಗೆಗೆ ಎಷ್ಟು ಅರ್ಥವಿತ್ತೆಂಬುದನ್ನು ಓದುಗರೇ ಯೋಚಿಸಬಹುದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿತು. ಸಂಶೋಧನೆ ಅರ್ಧದಲ್ಲಿ ನಿಂತಿತು. ರಾಸ್ ಅವರನ್ನು ಇಲ್ಲಿಗೆ ಕಳುಹಿಸಲಾಯಿತು. ಮುಂದಿನ ಒಂದೂವರೆ ವರ್ಷ ಬಾವಿಗಳ ಶುದ್ಧೀಕರಣ, ಚರಂಡಿ, ಕಸ, ಪುರಸಭೆಯ ಲೆಕ್ಕಪತ್ರ, ವರದಿಗಳಲ್ಲೇ ಕಳೆಯಿತು. ಅವರ ಜೀವನಚರಿತ್ರೆ ಬರೆದವರು ಈ ಅವಧಿಯನ್ನು ಕಳೆದುಹೋದ ಕಾಲವೆಂಬಂತೆ ದಾಟಿಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಊರಿನ ಚರಂಡಿ ಶುಚಿಯಾಗಬೇಕಾದರೆ ಯಾರು ಯಾರಿಗೆ ಬರೆಯಬೇಕು, ಹಣ ಎಲ್ಲಿಂದ ಬರಬೇಕು, ಜವಾನನಿಂದ ಮೇಲ್ವಿಚಾರಕನವರೆಗೆ ಕೆಲಸ ಹೇಗೆ ಹಂಚಿಕೆಯಾಗಬೇಕು ಎಂಬ ವಿದ್ಯೆಯನ್ನು ಪ್ರಯೋಗಾಲಯ ಕಲಿಸುವುದಿಲ್ಲ. 1902ರಲ್ಲಿ ರಾಸ್ ಪ್ರಕಟಿಸಿದ ಸೊಳ್ಳೆ ಪಡೆಗಳ ಸಂಘಟನೆಯ ಕೈಪಿಡಿಯನ್ನು ನೋಡಿದವರಿಗೆ ಅದರ ಹಿಂದೆ ಬೆಂಗಳೂರಿನ ಗಲ್ಲಿಗಳಲ್ಲಿ ನಡೆದಾಡಿದ ಮನುಷ್ಯ ಕಾಣದಿರುವುದಿಲ್ಲ.

1897ರ ಬೇಸಿಗೆಯಲ್ಲಿ ಊಟಿಯ ಕೆಳಗಿನ ಸೀಗೂರು ಘಾಟಿನಲ್ಲಿ ಅಲೆದು ತಾವೇ ಮಲೇರಿಯಾ ತಗಲಿಸಿಕೊಂಡ ರಾಸ್, ಜೂನ್ ವೇಳೆಗೆ ಸಿಕಂದರಾಬಾದಿಗೆ ಹಿಂತಿರುಗಿದರು. ಬೇಗಂಪೇಟೆಯ ಆಸ್ಪತ್ರೆಯಲ್ಲಿ ಪಂಖಾ ಬೀಸುವಂತಿರಲಿಲ್ಲ; ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತಿತ್ತು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ರೋಗಿಯ ರಕ್ತ ಕುಡಿದ ಸೊಳ್ಳೆಯಲ್ಲಿ ಕಂಡ ಜೀವಿ ಆ ರೋಗಿಯಿಂದಲೇ ಬಂದದ್ದು ಎಂದು ಸಾಧಿಸಬೇಕಾದರೆ ಆ ಸೊಳ್ಳೆ ಅದಕ್ಕೆ ಮೊದಲು ಯಾರನ್ನೂ ಕಚ್ಚಿರಬಾರದು. ಹಿಡಿದ ಸೊಳ್ಳೆಯ ಬಗ್ಗೆ ಈ ಭರವಸೆ ಸಾಧ್ಯವಿಲ್ಲ. ಆದ್ದರಿಂದ ರಾಸ್ ತಮ್ಮ ಸಹಾಯಕರನ್ನು ಕುಂಟೆ ಹೊಂಡಗಳಿಗೆ ಅಟ್ಟಿ ಲಾರ್ವಾಗಳನ್ನು ತರಿಸಿ, ಬಾಟಲಿಗಳಲ್ಲಿ ಸಾಕಿ, ಮರಿಯೊಡೆದ ಸೊಳ್ಳೆಗಳನ್ನೇ ಪ್ರಯೋಗಕ್ಕೆ ಬಳಸುತ್ತಿದ್ದರು. ಎರಡು ವರ್ಷ ಅವರು ಸಾಕಿದ್ದೆಲ್ಲ ಬೂದು ಬಣ್ಣದ, ಪಟ್ಟೆಯ ಸೊಳ್ಳೆಗಳು. ಅವುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಆಗಸ್ಟ್ ಮಧ್ಯದಲ್ಲಿ ಸಹಾಯಕನೊಬ್ಬ ತಂದ ಬಾಟಲಿಯಿಂದ ರೆಕ್ಕೆಯ ಮೇಲೆ ಚುಕ್ಕೆಯುಳ್ಳ ಬೇರೊಂದು ಜಾತಿ ಹೊರಬಂತು. ಹುಸೇನ್ ಖಾನ್ ಎಂಬ ರೋಗಿ, ಒಂದು ಸೊಳ್ಳೆಗೆ ಒಂದಾಣೆಯಂತೆ, ಅವುಗಳಿಗೆ ತನ್ನ ರಕ್ತ ಕೊಟ್ಟ. ಆಗಸ್ಟ್ 20ರಂದು ಅವುಗಳಲ್ಲೊಂದರ ಜಠರದ ಗೋಡೆಯಲ್ಲಿ ಮಲೇರಿಯಾ ಜೀವಿಯ ಕಪ್ಪು ಕಣಗಳಿರುವ ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವು ಮತ್ತಷ್ಟು ಬೆಳೆದಿದ್ದವು.

ಸರ್ಕಾರ ಇದಕ್ಕೆ ಕೊಟ್ಟ ಬಹುಮಾನವೆಂದರೆ ವರ್ಗಾವಣೆ. ಸೆಪ್ಟೆಂಬರಿನಲ್ಲೇ ಅವರನ್ನು ರಾಜಪುಟಾಣದ ಖೇರ್ವಾರಾ ಎಂಬ, ಮಲೇರಿಯಾ ವಿರಳವಾಗಿದ್ದ ಜಾಗಕ್ಕೆ ಕಳಿಸಲಾಯಿತು. ಮ್ಯಾನ್ಸನ್ ಲಂಡನ್ನಿನಿಂದ ಒತ್ತಡ ತಂದ ಮೇಲೆ 1898ರ ಆರಂಭದಲ್ಲಿ ಕಲ್ಕತ್ತೆಗೆ ವಿಶೇಷ ಕರ್ತವ್ಯದ ಮೇಲೆ ಹೋದದ್ದಾಯಿತು. ಮನುಷ್ಯರ ಮಲೇರಿಯಾ ಬದಲು ಹಕ್ಕಿಗಳ ಮಲೇರಿಯಾ ಹಿಡಿದು, ಜುಲೈ ತಿಂಗಳಲ್ಲಿ ಆ ಜೀವಿ ಸೊಳ್ಳೆಯ ಜೊಲ್ಲುಗ್ರಂಥಿ ಸೇರುವುದನ್ನೂ, ಕಚ್ಚುವುದರಿಂದಲೇ ಗುಬ್ಬಿಯಿಂದ ಗುಬ್ಬಿಗೆ ದಾಟುವುದನ್ನೂ ಅವರು ತೋರಿಸಿದರು. ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಅದೇ ವರ್ಷದ ಕೊನೆಗೆ ಅನಾಫಿಲಿಸ್ ಸೊಳ್ಳೆಯೇ ಮನುಷ್ಯರಿಗೆ ಮಲೇರಿಯಾ ದಾಟಿಸುತ್ತದೆಂದು ಸ್ಪಷ್ಟಪಡಿಸಿದರು. ಯಾರು ಮೊದಲು ಎಂಬ ಜಗಳ ಇಬ್ಬರನ್ನೂ ಜೀವನವಿಡೀ ಕಹಿಯಾಗಿಸಿತು. ಆ ಜಗಳದಲ್ಲಿ ರಾಸ್ ನಡೆದುಕೊಂಡ ರೀತಿ ಅವರ ಅಭಿಮಾನಿಗಳಿಗೂ ಸಮರ್ಥಿಸಲು ಕಷ್ಟವಾಗುವಂಥದು.

1899ರ ಫೆಬ್ರುವರಿಯಲ್ಲಿ ರಾಸ್ ಭಾರತ ಬಿಟ್ಟರು. ಲಿವರ್‌ಪೂಲಿನಲ್ಲಿ ಹೊಸದಾಗಿ ತೆರೆದಿದ್ದ ಉಷ್ಣವಲಯದ ವೈದ್ಯ ಶಾಲೆಯಲ್ಲಿ ಉಪನ್ಯಾಸಕರಾದರು. ಆ ವರ್ಷದ ಆಗಸ್ಟಿನಲ್ಲೇ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿಗೆ ತಂಡ ಕಟ್ಟಿಕೊಂಡು ಹೊರಟರು. ಫ್ರೀಟೌನಿನ ಬೀದಿಗಳಲ್ಲಿ ಅವರು ಕಂಡ ಸಂಗತಿ ಸರಳವಾಗಿತ್ತು. ಮನೆಯ ತೊಟ್ಟಿ, ಡಬ್ಬಿಗಳಲ್ಲಿ ಬೆಳೆಯುವುದು ಬಹುತೇಕ ಕ್ಯೂಲೆಕ್ಸ್ ಮೊದಲಾದ ಬೇರೆ ಸೊಳ್ಳೆಗಳ ಲಾರ್ವಾ. ಅನಾಫಿಲಿಸ್ ಲಾರ್ವಾ ಸಿಗುವುದು ಬೀದಿ ಬದಿಯ ಗುಂಡಿಗಳಲ್ಲಿ, ಒರತೆಯ ನೀರಿನಲ್ಲಿ. ನೋಡಿದೊಡನೆ ಇವೆರಡನ್ನು ಗುರುತಿಸಬಹುದು. ಕ್ಯೂಲೆಕ್ಸ್ ಲಾರ್ವಾ ಉಸಿರಾಟದ ನಳಿಕೆಯನ್ನು ಮೇಲೆ ಚಾಚಿ ತಲೆಕೆಳಗಾಗಿ ತೂಗುತ್ತದೆ. ಅನಾಫಿಲಿಸ್‌ಗೆ ಆ ನಳಿಕೆ ಇಲ್ಲದ ಕಾರಣ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಎರಡಕ್ಕೂ ಉಸಿರಾಡಲು ಮೇಲ್ಮೈ ಬೇಕೇ ಬೇಕು. ಸೀಮೆಎಣ್ಣೆಯ ತೆಳು ಪದರ ಅವುಗಳ ಉಸಿರು ಕಟ್ಟಿಸುವುದು ಇದರಿಂದಲೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಸೀಮೆಯಲ್ಲಿ ಒಂದೆರಡು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ನಿಂತ ನೀರನ್ನೂ ಚೆಲ್ಲಿದರೆ, ಹರಿಸಿದರೆ ಅಥವಾ ಎಣ್ಣೆ ಹಾಕಿದರೆ ಒಂದು ಪೀಳಿಗೆಯೂ ರೆಕ್ಕೆ ಬಿಚ್ಚುವುದಿಲ್ಲ. ರೆಕ್ಕೆ ಬಂದ ಮೇಲೆ ಅದೇ ಸೊಳ್ಳೆ ಊರಿನ ಯಾವ ಮೂಲೆಯಲ್ಲಾದರೂ ಅಡಗಬಹುದು. ಹುಳುವಾಗಿರುವಾಗ ಅದರ ವಿಳಾಸ ಗೊತ್ತಿರುತ್ತದೆ.

1901ರಲ್ಲಿ ಸ್ಕಾಟ್ಲೆಂಡಿನ ಧನಿಕನೊಬ್ಬ ನೀಡಿದ ಎರಡು ಸಾವಿರ ಪೌಂಡುಗಳ ನೆರವಿನಿಂದ ಫ್ರೀಟೌನಿನಲ್ಲಿ ಮೊದಲ ಸೊಳ್ಳೆ ಪಡೆ ಕೆಲಸಕ್ಕಿಳಿಯಿತು. ಗಾಡಿಗಟ್ಟಲೆ ಡಬ್ಬಿ, ಒಡೆದ ಬಾಟಲಿಗಳನ್ನು ಸಾಗಿಸಿತು, ಗುಂಡಿಗಳನ್ನು ಮುಚ್ಚಿತು, ಚರಂಡಿ ತೋಡಿತು. ಸೊಳ್ಳೆ ಇಳಿಯಿತು. ದಾನದ ಹಣ ಮುಗಿದ ಮೇಲೆ ಕೆಲಸ ಸಡಿಲವಾಯಿತು, ಸೊಳ್ಳೆ ಹಿಂತಿರುಗಿತು. ಯೋಜನೆಯೊಂದು ದಾನಿಯ ಮೇಲೆ ನಿಂತಾಗ ಆಗುವುದೇ ಹೀಗೆ.

ಇದಕ್ಕೆ ತೀರಾ ಬೇರೆಯದಾದ ಫಲ ಸಿಕ್ಕಿದ್ದು ಸುಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾದಲ್ಲಿ. ಮರುಭೂಮಿಯ ನಡುವೆ ಕಾಲುವೆ ಕಂಪನಿ ಕಟ್ಟಿದ ಆ ಪಟ್ಟಣಕ್ಕೆ ನೈಲ್ ನದಿಯ ಸಿಹಿನೀರು ತಂದದ್ದೇ 1877ರಲ್ಲಿ ಮಲೇರಿಯಾ ಹೊಕ್ಕಿತು. ಸುಮಾರು ಎಂಟು ಸಾವಿರ ಜನರ ಊರಿನಲ್ಲಿ 1901ರಲ್ಲಿ 1,990 ಮಂದಿಗೆ ಜ್ವರ ಬಂದಿತ್ತು. 1902ರ ಸೆಪ್ಟೆಂಬರಿನಲ್ಲಿ ಕಂಪನಿಯ ಕೋರಿಕೆಯ ಮೇರೆಗೆ ರಾಸ್ ಅಲ್ಲಿಗೆ ಹೋದರು. ಜವುಗು ಬತ್ತಿಸುವುದು, ಹೊಂಡ ಮುಚ್ಚುವುದು, ಮನೆ ಮನೆಯ ಕೊಳಚೆ ಗುಂಡಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುವುದು, ಇಷ್ಟೇ ಅವರ ಸಲಹೆ. 1903ರಲ್ಲಿ ಜ್ವರದ ಪ್ರಕರಣಗಳು 214ಕ್ಕೆ, 1904ರಲ್ಲಿ 90ಕ್ಕೆ, 1905ರಲ್ಲಿ 37ಕ್ಕೆ ಇಳಿದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಮುಖ್ಯವೆನಿಸುವುದು ಕೊನೆಯ ಅಂಕಿಗಿಂತ ಹಣ ತೆತ್ತವರು ಯಾರು ಎಂಬುದು. ಇಸ್ಮಾಯಿಲಿಯಾದಲ್ಲಿ ಜಾಗ ಕಂಪನಿಯದು, ನೀರು ಕಂಪನಿಯದು, ಜ್ವರ ಬಂದು ಮಲಗಿದ ನೌಕರನ ಸಂಬಳವೂ ಕಂಪನಿಯದು. ಚರಂಡಿಗೆ ಹಾಕಿದ ಪ್ರತಿ ಫ್ರಾಂಕ್ ಅದೇ ಬೊಕ್ಕಸಕ್ಕೆ ಹಿಂತಿರುಗುತ್ತಿತ್ತು. ಸಾಮಾನ್ಯ ಊರೊಂದರಲ್ಲಿ ಪೀಪಾಯಿ ನನ್ನದು, ಸೊಳ್ಳೆ ಕಚ್ಚುವುದು ನೆರೆಯವನನ್ನು, ಆಸ್ಪತ್ರೆಯ ಖರ್ಚು ಅವನದು ಅಥವಾ ಸರ್ಕಾರದ್ದು. ನಾನೊಬ್ಬ ಪೀಪಾಯಿ ಮಗುಚಿದರೂ ಅವನು ಮಗುಚದಿದ್ದರೆ ನನಗೆ ಸಿಗುವ ಫಲ ಅಲ್ಪ. ಎಲ್ಲರಿಗೂ ಬೇಕಾದ, ಯಾರೂ ತಾವಾಗಿ ಹಣ ತೆರದ ಇಂಥ ಸರಕನ್ನು ಸರ್ಕಾರವೇ ಒದಗಿಸಬೇಕೆಂದು ನಮ್ಮ ಪಠ್ಯಗಳು ಹೇಳುತ್ತವೆ. ರಾಸ್ ಆ ಪಠ್ಯಗಳನ್ನು ಓದಿದವರಲ್ಲ. ಆದರೂ ಅದೇ ಮಾತನ್ನು ಸರ್ಕಾರಗಳ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಭಾರತದ ಬಾಗಿಲು ತೆರೆಯಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1901-02ರಿಂದ ಸರ್ಕಾರವೇ ಲಾರ್ವಾ ನಿವಾರಣೆಯ ಪರೀಕ್ಷೆ ನಡೆಸಿತು. ಜೇಮ್ಸ್ ಮತ್ತು ಕ್ರಿಸ್ಟೋಫರ್ಸ್ ಎಂಬಿಬ್ಬರು ನುರಿತ ವೈದ್ಯರು ಅದರ ಹೊಣೆ ಹೊತ್ತಿದ್ದರು. ದಂಡಿನ ನಡುವೆ ನೀರಾವರಿ ಕಾಲುವೆಯ ಕವಲುಗಳು ಹರಿಯುತ್ತಿದ್ದವು. ಅವುಗಳನ್ನು ಶುಚಿಮಾಡಿ, ಮುಚ್ಚಿ, ಎಣ್ಣೆ ಹಾಕಿ ನೋಡಿದರೂ ಅನಾಫಿಲಿಸ್ ಪೂರ್ತಿ ಹೋಗಲಿಲ್ಲ, ಜ್ವರವೂ ಗಮನಾರ್ಹವಾಗಿ ಇಳಿಯಲಿಲ್ಲ ಎಂದು ವರದಿ ಬಂತು. ಅದನ್ನು ಹಿಡಿದು ಸರ್ಕಾರದ ಒಲವು ಕ್ವಿನೈನ್ ಹಂಚಿಕೆಯತ್ತ ವಾಲಿತು. ರಾಸ್ ಕೆಂಡಾಮಂಡಲವಾದರು. ಅಷ್ಟು ಚಿಕ್ಕ ಜಾಗ, ಅಷ್ಟು ಕಡಿಮೆ ಹಣ, ಸೊಳ್ಳೆಯ ಸಾಂದ್ರತೆಯನ್ನು ಮೊದಲೂ ಆಮೇಲೂ ಸರಿಯಾಗಿ ಅಳೆಯದ ವಿಧಾನ, ಇದರಿಂದ ಯಾವ ತೀರ್ಮಾನವೂ ಹೊರಡದೆಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿತ್ತು, ಆದರೆ ಪ್ರಯೋಗ ನಡೆಸಿದವರ ಕಷ್ಟವೂ ನಿಜವಾದದ್ದೇ. ಇಸ್ಮಾಯಿಲಿಯಾದ ಸುತ್ತ ಮರಳು, ಮಿಯಾನ್ ಮೀರ್ ಸುತ್ತ ನೀರುಂಡ ಹೊಲ. ಹೊರಗಿನಿಂದ ಹಾರಿಬರುವ ಸೊಳ್ಳೆಯನ್ನು ದಂಡಿನ ಒಳಗಿನ ಪೀಪಾಯಿ ಮಗುಚಿ ತಡೆಯಲಾಗದು. ರಾಸ್ ತಮ್ಮ ಎದುರಾಳಿಗಳ ಮಾತಿನ ಈ ಅಂಶಕ್ಕೆ ಸಾಕಷ್ಟು ಬೆಲೆ ಕೊಡಲಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ಜಗಳದಿಂದ ಒಳ್ಳೆಯದೂ ಹುಟ್ಟಿತು. ಒಂದು ಸೊಳ್ಳೆ ಹುಟ್ಟಿದ ನೀರಿನಿಂದ ಎಷ್ಟು ದೂರ ಹೋಗುತ್ತದೆ, ಒಂದು ಸುತ್ತಳತೆಯಲ್ಲಿ ಲಾರ್ವಾ ನಿವಾರಿಸಿದರೆ ಕೇಂದ್ರದಲ್ಲಿ ಎಷ್ಟು ಸೊಳ್ಳೆ ಉಳಿಯುತ್ತವೆ ಎಂಬುದನ್ನು ರಾಸ್ ಗಣಿತದಿಂದ ಬಿಡಿಸಲು ಹೊರಟರು. ಗುರಿಯಿಲ್ಲದೆ ಅತ್ತಿತ್ತ ಹಾರುವ ಸೊಳ್ಳೆಯ ಪ್ರಶ್ನೆಯನ್ನು 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಉಪನ್ಯಾಸದಲ್ಲಿ ಮಂಡಿಸಿದರು. ಮರುವರ್ಷ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ‘ನೇಚರ್’ ಪತ್ರಿಕೆಯಲ್ಲಿ ಅಡ್ಡಾದಿಡ್ಡಿ ನಡಿಗೆಯ ಸಮಸ್ಯೆಯನ್ನು ಓದುಗರ ಮುಂದಿಟ್ಟಿದ್ದರ ಹಿಂದೆ ಇದೇ ಸೊಳ್ಳೆ ಇತ್ತು. ಷೇರು ಪೇಟೆಯ ಏರಿಳಿತವನ್ನು ವಿವರಿಸಲು ಅರ್ಥಶಾಸ್ತ್ರಜ್ಞರು ಇಂದು ಬಳಸುವ ಪದ ಹುಟ್ಟಿದ್ದು ಆ ಪತ್ರದಲ್ಲಿ. ಎಂ.ಎ. ತರಗತಿಯಲ್ಲಿ ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

1907ರ ಕೊನೆಯಲ್ಲಿ ರಾಸ್ ಮಾರಿಷಸ್‌ಗೆ ಹೋದರು. ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಸಾಗಿಸಿದ್ದ ಆ ದ್ವೀಪವನ್ನು 1860ರ ದಶಕದಲ್ಲಿ ಹೊಕ್ಕ ಮಲೇರಿಯಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಅಲ್ಲಿ ಮೂರು ತಿಂಗಳು ಊರೂರು ತಿರುಗಿ ಮಕ್ಕಳ ಗುಲ್ಮ ಊದಿದೆಯೇ ಎಂದು ಮುಟ್ಟಿ ನೋಡಿ ರೋಗದ ಪ್ರಮಾಣ ಅಳೆದರು. 1908ರ ವರದಿಯಲ್ಲಿ, ಮತ್ತೆ 1910-11ರ ಗ್ರಂಥದಲ್ಲಿ, ಅವರು ಕೊಟ್ಟ ಲೆಕ್ಕವೇ ಇಂದಿಗೂ ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಬುನಾದಿ. ಅದನ್ನು ಹೀಗೆ ಹೇಳಬಹುದು. ಒಬ್ಬ ರೋಗಿಯಿಂದ ಮತ್ತೊಬ್ಬನಿಗೆ ಮಲೇರಿಯಾ ದಾಟಬೇಕಾದರೆ ಸೊಳ್ಳೆಯೊಂದು ಮೊದಲು ಆ ರೋಗಿಯನ್ನೇ ಕಚ್ಚಬೇಕು. ಜೀವಿ ತನ್ನ ಹೊಟ್ಟೆಯಲ್ಲಿ ಬಲಿಯುವ ಹತ್ತು ಹನ್ನೆರಡು ದಿನ ಅದು ಸಾಯದೆ ಉಳಿಯಬೇಕು. ಮತ್ತೆ ಮನುಷ್ಯನನ್ನೇ ಕಚ್ಚಬೇಕು. ಬಹುಪಾಲು ಸೊಳ್ಳೆಗಳು ಈ ಮೂರರಲ್ಲಿ ಒಂದಲ್ಲ ಒಂದು ಕಡೆ ಸೋಲುತ್ತವೆ. ಆದ್ದರಿಂದ ತಲೆಗೆ ಇಷ್ಟು ಸೊಳ್ಳೆ ಎಂಬ ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ, ಗುಣವಾಗುವವರ ಸಂಖ್ಯೆ ಹೊಸದಾಗಿ ಹಿಡಿಯುವವರ ಸಂಖ್ಯೆಯನ್ನು ಮೀರಿ ರೋಗ ತಾನಾಗಿ ನಂದುತ್ತದೆ. ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕೆಂಬ ಅಸಾಧ್ಯದ ಹೊರೆಯನ್ನು ಈ ಲೆಕ್ಕ ಆಡಳಿತಗಾರನ ಹೆಗಲಿನಿಂದ ಇಳಿಸಿತು. ಸೊಳ್ಳೆ ಪೂರ್ತಿ ಹೋಗದು, ಆದ್ದರಿಂದ ಪ್ರಯತ್ನವೇ ವ್ಯರ್ಥ ಎಂಬ ಅಡ್ಜುಟಂಟನ ಸಂತತಿಯ ವಾದಕ್ಕೆ ಇದು ಉತ್ತರ.

ಈ ನಡುವೆ ಇತರರು ಕೆಲಸ ಮಾಡಿ ತೋರಿಸುತ್ತಿದ್ದರು. ಪನಾಮಾ ಕಾಲುವೆಯ ತೋಡಿನಲ್ಲಿ ಅಮೆರಿಕದ ಗೋರ್ಗಾಸ್ ಎಣ್ಣೆ, ಚರಂಡಿ, ಜಾಲರಿಗಳಿಂದ ಹಳದಿ ಜ್ವರವನ್ನು ಓಡಿಸಿ ಮಲೇರಿಯಾವನ್ನು ತಗ್ಗಿಸಿದರು. 1904ರಲ್ಲಿ ರಾಸ್ ಅಲ್ಲಿಗೂ ಹೋಗಿ ಬಂದರು. ಮಲಯದಲ್ಲಿ ಮಾಲ್ಕಂ ವಾಟ್ಸನ್ 1901ರಿಂದ ಕ್ಲಾಂಗ್ ಮತ್ತು ಪೋರ್ಟ್ ಸ್ವೆಟನ್‌ಹ್ಯಾಮ್ ಊರುಗಳ ಜವುಗು ಬತ್ತಿಸಿ ಜ್ವರ ಇಳಿಸಿದರು. ಆದರೆ ಗುಡ್ಡದ ರಬ್ಬರ್ ತೋಟಗಳಲ್ಲಿ ಕಾಡು ಕಡಿದು ತೊರೆಗಳಿಗೆ ಬಿಸಿಲು ಬೀಳಿಸಿದಾಗ ಜ್ವರ ಏರಿತು. ಅಲ್ಲಿನ ಅನಾಫಿಲಿಸ್ ಬಿಸಿಲ ತೊರೆಯಲ್ಲೇ ಬೆಳೆಯುವ ಜಾತಿ. ಯಾವ ಜಾತಿ ಯಾವ ನೀರಿನಲ್ಲಿ ಎಂದು ತಿಳಿಯದೆ ಕೈ ಹಾಕಬಾರದೆಂಬ ಪಾಠವನ್ನು ರಾಸ್‌ಗಿಂತ ಚೆನ್ನಾಗಿ ಕಲಿತವರು ವಾಟ್ಸನ್.

ಬೊಂಬಾಯಿಯಲ್ಲಿ ಬೆಂಟ್ಲಿ ನಡೆಸಿದ ತನಿಖೆಯ ವರದಿ 1911ರಲ್ಲಿ ಹೊರಬಂತು. ಅಲ್ಲಿನ ಅನಾಫಿಲಿಸ್ ಸ್ಟೀಫೆನ್ಸೈ ಮನೆಬಾವಿಗಳಲ್ಲೂ ತೊಟ್ಟಿಗಳಲ್ಲೂ ಬೆಳೆಯುತ್ತದೆ, ಅವುಗಳನ್ನು ಮುಚ್ಚಿಸಬೇಕು ಎಂದಾಗ ಬಾವಿಯ ಒಡೆಯರು ಧಾರ್ಮಿಕ ಆಕ್ಷೇಪ ಎತ್ತಿದರು. ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಿಂದ ಮಂಡ್ಯ ಮೊದಲಾದ ಕಡೆ ಮಲೇರಿಯಾ ಕೇಂದ್ರಗಳು ಕೆಲಸ ಮಾಡಿದವು. ಲಾರ್ವಾ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ತಂದವರು ಡಾ. ಬಿ.ಎ. ರಾವ್. ಅವರೂ ಸ್ವೀಟ್ ಎಂಬ ಅಮೆರಿಕನ್ ವೈದ್ಯರೂ 1937ರಲ್ಲಿ ಸ್ಟೀಫೆನ್ಸೈ ಸೊಳ್ಳೆಯ ಮೊಟ್ಟೆಗಳನ್ನು ಹೋಲಿಸಿ ಬೇರೆ ತಳಿಯೊಂದನ್ನು ಗುರುತಿಸಿದರು. ಆ ತಳಿ ಇಂದಿಗೂ ವಿಜ್ಞಾನ ಸಾಹಿತ್ಯದಲ್ಲಿ ಮೈಸೂರಿನ ಹೆಸರನ್ನು ಹೊತ್ತಿದೆ.

ಎರಡನೇ ಮಹಾಯುದ್ಧದ ಬಳಿಕ ಡಿಡಿಟಿ ಬಂತು. ಗೋಡೆಗೆ ಸಿಂಪಡಿಸಿದರೆ ಸಾಕು, ಗುಂಡಿ ಹುಡುಕುವ ಗೋಜು ಬೇಡ. ರಾಸ್ ಅವರ ಸಮೀಕರಣವನ್ನೇ ಬೆಳೆಸಿದ ಜಾರ್ಜ್ ಮ್ಯಾಕ್‌ಡೊನಾಲ್ಡ್, ಸೊಳ್ಳೆಗಳ ಸಂಖ್ಯೆ ಇಳಿಸುವುದಕ್ಕಿಂತ ಅವುಗಳ ಆಯುಷ್ಯ ಕಡಿಮೆ ಮಾಡುವುದು ಹೆಚ್ಚು ಫಲಕಾರಿ ಎಂದು 1950ರ ದಶಕದಲ್ಲಿ ತೋರಿಸಿದ್ದು ಇದಕ್ಕೆ ಬಲ ಕೊಟ್ಟಿತು. ಭಾರತದಲ್ಲಿ 1953ರ ವೇಳೆಗೆ ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜಾಗಿದ್ದ ಮಲೇರಿಯಾ ಪ್ರಕರಣಗಳು 1965ರ ವೇಳೆಗೆ ಸುಮಾರು ಒಂದು ಲಕ್ಷಕ್ಕೆ ಇಳಿದವು. ಸೊಳ್ಳೆ ಔಷಧಕ್ಕೆ ಒಗ್ಗಿಕೊಂಡಿತು, ಉಸ್ತುವಾರಿ ಸಡಿಲವಾಯಿತು; 1976ರಲ್ಲಿ ಪ್ರಕರಣಗಳು ಮತ್ತೆ 64 ಲಕ್ಷ. ನಗರಗಳಿಗಾಗಿ 1971ರಲ್ಲಿ ರೂಪಿಸಿದ ಯೋಜನೆ ಲಾರ್ವಾ ನಿವಾರಣೆಗೇ ಮರಳಬೇಕಾಯಿತು. ಮುಂದೆ ಹಾಸನ, ಕೋಲಾರ ಜಿಲ್ಲೆಗಳ ಹಳ್ಳಿಗಳ ಬಾವಿ ಕಟ್ಟೆಗಳಲ್ಲಿ ಗಪ್ಪಿ ಮೀನು ಬಿಟ್ಟು ಒಳ್ಳೆಯ ಫಲ ಪಡೆದ ಪ್ರಯೋಗಗಳೂ ನಡೆದವು. ಅದೇ ಸ್ಟೀಫೆನ್ಸೈ 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಕಾಣಿಸಿಕೊಂಡು ಆಫ್ರಿಕದ ಪಟ್ಟಣಗಳ ನೀರಿನ ತೊಟ್ಟಿಗಳನ್ನು ಹಿಡಿದಿದೆ.

ಡೆಂಗಿಯ ವಿಷಯದಲ್ಲಂತೂ ಬೇರೆ ದಾರಿ ಕಡಿಮೆ. ಅದನ್ನು ಹರಡುವ ಈಡಿಸ್ ಬೆಳೆಯುವುದೇ ಮನೆಯ ಡ್ರಮ್ಮು, ಟೈರು, ತಾರಸಿಯ ತೊಟ್ಟಿಗಳಲ್ಲಿ. 1883ರ ಆ ಪೀಪಾಯಿಯ ನಿವಾಸಿಗಳೂ ಇದರ ಬಂಧುಗಳೇ ಆಗಿದ್ದಿರಬಹುದು. ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯಲ್ಲಿ ಜ್ವರ ಹಬ್ಬಿದ ವರ್ಷ, ಲಾರ್ವಾ ಹುಡುಕಲು ಮನೆ ಮನೆಗೆ ಹೋಗುವ ಹಂಗಾಮಿ ಸಿಬ್ಬಂದಿಯ ಪ್ರಸ್ತಾವನೆ ಮತ್ತು ಹೊಗೆಯಂತ್ರಗಳ ಖರೀದಿಯ ಪ್ರಸ್ತಾವನೆ ಎರಡೂ ನನ್ನ ಮೇಜಿಗೆ ಬಂದಿದ್ದವು. ಹಣ ಒಂದಕ್ಕೆ ಮಾತ್ರ ಇತ್ತು. ಹೊಗೆ ಕಾಣಿಸುತ್ತದೆ, ಸದ್ದು ಮಾಡುತ್ತದೆ, ಜನಪ್ರತಿನಿಧಿಗಳು ಅದರ ಮುಂದೆ ನಿಲ್ಲಬಹುದು. ಮಗುಚಿದ ಪೀಪಾಯಿಯ ಮುಂದೆ ಯಾರು ನಿಲ್ಲುತ್ತಾರೆ? ನಾನು ಹೊಗೆಯಂತ್ರದ ಕಡತಕ್ಕೆ ಸಹಿ ಹಾಕಿದೆ. ಆ ಮಳೆಗಾಲ ಮುಗಿಯುವವರೆಗೂ ಆಸ್ಪತ್ರೆಯ ಹಾಸಿಗೆಗಳು ಖಾಲಿಯಾಗಲಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿದ ಸುದ್ದಿ ಓದಿದಾಗ ನನಗೆ ಆ ಕಡತದ ನೆನಪಾಯಿತು. ನೆರೆಯವನ ಜ್ವರದ ವೆಚ್ಚದ ಒಂದು ಚೂರನ್ನಾದರೂ ಪೀಪಾಯಿಯ ಒಡೆಯನ ಲೆಕ್ಕಕ್ಕೆ ಬರೆಯುವ ಯತ್ನ ಅದು. ದಂಡ ವಸೂಲಿ ಮಾಡುವವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ.

ರಾಸ್ ಅವರ ಕೊನೆಯ ದಶಕಗಳು ಸುಖದವಲ್ಲ. 1911ರಲ್ಲಿ ಸರ್ ಪದವಿ ಬಂದರೂ ಹಣದ ಚಿಂತೆ ತೀರಲಿಲ್ಲ. ಸಿಡುಬಿಗೆ ಚುಚ್ಚುಮದ್ದು ಕಂಡುಹಿಡಿದ ಜೆನ್ನರ್‌ಗೆ ಬ್ರಿಟಿಷ್ ಸಂಸತ್ತು ಮೂವತ್ತು ಸಾವಿರ ಪೌಂಡು ಕೊಟ್ಟಿದ್ದನ್ನು ಉದಾಹರಿಸಿ, ತಮಗೂ ಪ್ರತಿಫಲ ಸಲ್ಲಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದರು, ಅದು ತಿರಸ್ಕೃತವಾಯಿತು. ಹಿರಿಯ ಮಗ 1914ರ ಆಗಸ್ಟಿನಲ್ಲಿ, ಯುದ್ಧ ಆರಂಭವಾದ ಮೊದಲ ವಾರಗಳಲ್ಲೇ, ಫ್ರಾನ್ಸಿನ ಲ ಕಾಟೋ ಕಾಳಗದಲ್ಲಿ ತೀರಿಕೊಂಡ. ತಮಗೆ ಅರವತ್ತಾದ 1917ರಲ್ಲಿ ಮಲೇರಿಯಾದಿಂದ ನಲುಗುತ್ತಿದ್ದ ಸೇನೆಗೆ ಸಲಹೆ ನೀಡಲು ಗ್ರೀಸಿಗೆ ಹೊರಟಾಗ ಅವರ ಹಡಗಿನ ಮೇಲೆ ಟಾರ್ಪಿಡೊ ದಾಳಿಯಾಯಿತು. ಹೇಗೋ ಬದುಕಿ ಉಳಿದರು. 1923ರಲ್ಲಿ ಬಂದ ಆತ್ಮಕಥೆಯಲ್ಲಿ ಗ್ರಾಸಿಯ ಮೇಲಿನ ಸಿಟ್ಟು ಆರಿರಲಿಲ್ಲ.

1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. ಮಲಯದ ವಾಟ್ಸನ್ ಅಲ್ಲಿ ಸೊಳ್ಳೆ ನಿಯಂತ್ರಣದ ಹೊಣೆ ಹೊತ್ತರು. ಮರುವರ್ಷದ ಜನವರಿಯಲ್ಲಿ ರಾಸ್ ಕಡೆಯ ಸಲ ಭಾರತಕ್ಕೆ ಬಂದು, ಕಲ್ಕತ್ತೆಯ ಆಸ್ಪತ್ರೆಯ ಬಳಿ ತಮ್ಮ ನೆನಪಿಗೆ ನಿರ್ಮಿಸಿದ್ದ ದ್ವಾರವನ್ನು ತಾವೇ ಅನಾವರಣ ಮಾಡಿದರು. 1928ರಲ್ಲಿ ತಮ್ಮ ಪತ್ರಗಳನ್ನೂ ಟಿಪ್ಪಣಿ ಪುಸ್ತಕಗಳನ್ನೂ ಮಾರಾಟಕ್ಕಿಟ್ಟರು. ಲೇಡಿ ಹೂಸ್ಟನ್ ಎಂಬಾಕೆ ಅವುಗಳನ್ನು ಎರಡು ಸಾವಿರ ಪೌಂಡಿಗೆ ಕೊಂಡರು. ಫ್ರೀಟೌನಿನ ಮೊದಲ ಸೊಳ್ಳೆ ಪಡೆಗೆ ಸಿಕ್ಕಿದ್ದೂ ಅಷ್ಟೇ ಮೊತ್ತ. ಪತ್ನಿ ರೋಸಾ 1931ರಲ್ಲಿ ತೀರಿಕೊಂಡರು. 1932ರ ಸೆಪ್ಟೆಂಬರ್ 16ರಂದು ರಾಸ್ ತಮ್ಮ ಹೆಸರಿನ ಸಂಸ್ಥೆಯಲ್ಲೇ ಕೊನೆಯುಸಿರೆಳೆದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರ ಸಮಾಧಿ ಇದೆ.